ಶಾಕಾ, ಗೋಡೆಗಳು ಕುಸಿದಾಗ: ‘ದಾರ್ಮೋಕ್’ ಕಂತಿನ ಕನ್ನಡ ಸಬ್‌ಟೈಟಲ್, ಮೂರನೆಯ ತಿಂಗಳ ವರದಿ

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಧಾರಾವಾಹಿಯ ‘ದಾರ್ಮೋಕ್’ ಕಂತಿಗೆ ಕನ್ನಡ ಸಬ್‌ಟೈಟಲ್ ಬರೆಯುವ ನಮ್ಮ ಕೆಲಸ ಮೂರನೆಯ ತಿಂಗಳಿಗೆ ಕಾಲಿಟ್ಟಿದೆ. ಜೋ ಮೆನೋಸ್ಕಿ ಚಿತ್ರಕಥೆ ಬರೆದು, 1991ರ ಸೆಪ್ಟೆಂಬರ್ 30ರಂದು ಮೊದಲ ಬಾರಿ ಪ್ರಸಾರವಾದ ಈ ಕಂತನ್ನು ನಾವು ಐವರು ಗೆಳೆಯರು ಆರಿಸಿಕೊಂಡದ್ದು ಅದರ ವಸ್ತುವೇ ಅನುವಾದವಾಗಿರುವುದರಿಂದ. ತಮೇರಿಯನ್ನರೆಂಬ ಅನ್ಯಗ್ರಹವಾಸಿಗಳ ಮಾತನ್ನು ಅನುವಾದಯಂತ್ರವು ಪದಪದವಾಗಿ ಒಪ್ಪಿಸುತ್ತದೆ. ಆದರೂ ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಪಿಕಾರ್ಡ್‌ಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಅವರು ಆಡುವ ಮಾತೆಲ್ಲ ಅವರದೇ ಪುರಾಣದ ಯಾವುದೋ ಪ್ರಸಂಗವನ್ನು ನೆನಪಿಸುವ ಮಾತು. ಸೋಲನ್ನು ಹೇಳಬೇಕಾದರೆ ‘ಶಾಕಾ, ಗೋಡೆಗಳು ಕುಸಿದಾಗ’ ಎನ್ನುತ್ತಾರೆ. ಏನನ್ನಾದರೂ ಕೊಡುವಾಗ ‘ತೆಂಬಾ, ತೋಳು ಚಾಚಿ’ ಎನ್ನುತ್ತಾರೆ.

ಈ ಸಾಲುಗಳು ಈಗಿನ ರೂಪಕ್ಕೆ ಬರಲು ಎರಡು ವಾರ ಹಿಡಿಯಿತು. ಮೊದಲ ಕರಡಿನಲ್ಲಿ ‘ತೆಂಬಾ ತೋಳು ಚಾಚಿದ್ದಾನೆ’ ಎಂದು ಬರೆದಿದ್ದೆವು. ಓದಿದರೆ ಯಾರೋ ಕಂಡದ್ದನ್ನು ವರದಿ ಮಾಡಿದಂತಿತ್ತು. ಕನ್ನಡದ ಪೂರ್ಣ ಕ್ರಿಯಾಪದ ವಾಕ್ಯವನ್ನು ಮುಗಿಸಿಬಿಡುವುದಷ್ಟೇ ಅಲ್ಲ, ಕರ್ತೃ ಗಂಡೋ ಹೆಣ್ಣೋ ಎಂಬುದನ್ನೂ ಹೇಳಿಬಿಡುತ್ತದೆ. ಆದರೆ ತಮೇರಿಯನ್ನರ ಇನ್ನೊಂದು ಮಾತಿನಲ್ಲಿ ಬರುವ ಕಾದಿರ್ ಯಾರು, ಶಾಕಾ ಎಂಬುದು ವ್ಯಕ್ತಿಯೋ ಊರೋ ಎಂಬುದನ್ನು ಈ ಕಂತು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ‘ಕುಸಿದಾಗ’, ‘ಚಾಚಿ’, ‘ಬಿಚ್ಚಿ’ ಎಂಬ ರೂಪಗಳಿಗೆ ಲಿಂಗದ ಗುರುತಿಲ್ಲ, ಮುಂದೇನಾಯಿತೆಂಬ ಕುತೂಹಲವನ್ನೂ ಅವು ಉಳಿಸುತ್ತವೆ. ‘ಮೀರಾಬ್, ಹಾಯಿ ಬಿಚ್ಚಿ’ ಎಂದು ಬರೆದ ದಿನ, ಈ ಕಂತು ಕನ್ನಡಕ್ಕೆ ಬರಬಲ್ಲದೆಂಬ ಧೈರ್ಯ ನನಗೆ ಬಂದಿತು.

ನಮ್ಮಲ್ಲಿ ಹೆಚ್ಚು ಚರ್ಚೆಯಾದದ್ದು ಮಾತ್ರ ಬೇರೆ ವಿಷಯಕ್ಕೆ. ತಮೇರಿಯನ್ನರ ಹೆಸರುಗಳನ್ನು ತೆಗೆದು ನಮ್ಮ ಪುರಾಣಗಳಿಂದಲೇ ತುಂಬೋಣವೆಂದು ಒಬ್ಬ ಗೆಳತಿ ಸೂಚಿಸಿದರು: ಶಾಕಾನ ಜಾಗದಲ್ಲಿ ‘ಅಭಿಮನ್ಯು, ಚಕ್ರವ್ಯೂಹದಲ್ಲಿ’. ಸಾಲು ಚೆನ್ನಾಗಿದೆ, ಕೇಳಿದೊಡನೆ ಎಲ್ಲರೂ ತಲೆದೂಗಿದೆವು. ಆದರೆ ಅಭಿಮನ್ಯುವಿನ ಹೆಸರು ಕೇಳಿದ ಕನ್ನಡ ಪ್ರೇಕ್ಷಕನಿಗೆ ಆ ಕ್ಷಣವೇ ಎಲ್ಲ ತಿಳಿದುಹೋಗುತ್ತದೆ. ಪಿಕಾರ್ಡ್ ಒಬ್ಬನೇ ಕತ್ತಲಲ್ಲಿ ಉಳಿಯುತ್ತಾನೆ. ಅವನೊಡನೆ ನಾವೂ ತಡವರಿಸದಿದ್ದರೆ ಈ ಕಂತಿನಲ್ಲಿ ನೋಡುವುದಕ್ಕೆ ಏನಿದೆ? ಹಾಗೆಂದು ಆ ಗೆಳತಿಯ ಮಾತು ವ್ಯರ್ಥವಾಗಲಿಲ್ಲ. ನಾವೇ ದಿನವೂ ಹೀಗೆ ಮಾತನಾಡುತ್ತೇವೆ ಎಂಬುದನ್ನು ಅದು ಎತ್ತಿ ತೋರಿಸಿತು. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತೆಂದು ಪತ್ರಿಕೆಯಲ್ಲಿ ಓದುವವರಲ್ಲಿ ಎಷ್ಟೋ ಮಂದಿಗೆ ಸುಗ್ರೀವನ ಆಜ್ಞೆ ಏನಾಗಿತ್ತೆಂಬುದು ನೆನಪಿರಲಾರದು, ಆದರೂ ಪದದ ಅರ್ಥ ಗೊತ್ತು. ಪಿಕಾರ್ಡ್‌ನ ಕಷ್ಟ ಇದಕ್ಕಿಂತ ದೊಡ್ಡದು: ಅವನಿಗೆ ಕತೆಯೂ ಗೊತ್ತಿಲ್ಲ, ಬಳಕೆಯೂ ಗೊತ್ತಿಲ್ಲ. ಕೊನೆಗೆ ಹೆಸರುಗಳನ್ನು ಇದ್ದಂತೆಯೇ ಉಳಿಸಿಕೊಂಡೆವು. ಪಿಕಾರ್ಡನ ನೌಕೆಯ ಕೌನ್ಸೆಲರ್ ಟ್ರಾಯ್ ಕೊಡುವ ‘ಬಾಲ್ಕನಿಯಲ್ಲಿ ಜೂಲಿಯೆಟ್’ ಎಂಬ ಉದಾಹರಣೆಯನ್ನೂ ಶಕುಂತಲೆಯಾಗಿ ಬದಲಿಸಲಿಲ್ಲ, ಏಕೆಂದರೆ ಅದು ಭೂಮಿಯವರ ನೆನಪು.

ಒಂದು ಹೆಸರು ಮಾತ್ರ ನಮ್ಮನ್ನು ತಡೆದು ನಿಲ್ಲಿಸಿತು. ‘ಕೈಲಾಶ್, ಅದು ಮೇಲೇಳುವಾಗ’ ಎಂಬ ಮಾತು ಮೂಲದಲ್ಲಿಯೇ ಇದೆ. ‘ಕೈಲಾಸ’ ಎಂದು ಬರೆದರೆ ಶಿವನೂ, ಬೆಟ್ಟವನ್ನು ಎತ್ತಹೊರಟ ರಾವಣನೂ ತೆರೆಯ ಮೇಲೆ ಬಂದುಬಿಡುತ್ತಾರೆ. ಆದ್ದರಿಂದ ಶಕಾರವನ್ನೇ ಇಟ್ಟು ‘ಕೈಲಾಶ್’ ಎಂದು ಬಿಟ್ಟೆವು.

ಉಳಿದಿರುವುದು ಬೆಂಕಿಯ ಮುಂದಿನ ದೃಶ್ಯ. ಎಲ್-ಅಡ್ರೆಲ್ ಗ್ರಹದಲ್ಲಿ ಮೃಗದ ಹೊಡೆತಕ್ಕೆ ಸಿಕ್ಕಿದ ತಮೇರಿಯನ್ನರ ನಾಯಕ ಡೇಥಾನ್ ಸಾಯುತ್ತಿದ್ದಾನೆ. ಅವನಿಗೆ ಪಿಕಾರ್ಡ್ ಪ್ರಾಚೀನ ಮೆಸೊಪೊಟೇಮಿಯಾದ ಮಹಾಕಾವ್ಯದ ಗಿಲ್ಗಮೇಶ್ ಮತ್ತು ಎಂಕಿಡು ಗೆಳೆಯರಾದ ಕತೆಯನ್ನು ಹೇಳುತ್ತಾನೆ. ಡೇಥಾನ್ ಪಾತ್ರದಲ್ಲಿ ಪಾಲ್ ವಿನ್‌ಫೀಲ್ಡ್, ದಪ್ಪ ಮೇಕಪ್ಪಿನ ಅಡಿಯಿಂದಲೂ, ನೋವಿನ ನಡುವೆ ಕತೆ ಸವಿಯುವ ಮುಖವನ್ನು ತೋರುತ್ತಾರೆ. ಇಲ್ಲಿ ಪಿಕಾರ್ಡ್ ಅವನನ್ನು ‘ನೀವು’ ಎನ್ನಬೇಕೆ, ‘ನೀನು’ ಎನ್ನಬೇಕೆ? ಇಂಗ್ಲಿಷಿನಲ್ಲಿ ಏಳದ ಪ್ರಶ್ನೆ ಇದು. ಇನ್ನೊಂದು ನೌಕೆಯ ನಾಯಕನನ್ನು ಏಕವಚನದಲ್ಲಿ ಕರೆಯುವುದು ಪಿಕಾರ್ಡ್‌ನ ಸ್ವಭಾವವಲ್ಲವೆಂದು ಮೂವರು ವಾದಿಸಿದರು. ಹೆಗಲಿಗೆ ಹೆಗಲು ಕೊಟ್ಟು ಕಾದಿದ ಮೇಲೆ ‘ನೀವು’ ಎಂಬುದು ದೂರ ಸರಿಸಿದಂತಾಗುತ್ತದೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಸದ್ಯಕ್ಕೆ ‘ಕತೆ ಹೇಳಲೇ?’ ಎಂಬಂಥ, ಎರಡೂ ಅಲ್ಲದ ಸಾಲುಗಳಿಂದ ದಾಟಿದ್ದೇವೆ; ಎರಡು ಕಡೆ ಮಾತ್ರ ಅದು ಸಾಧ್ಯವಾಗಿಲ್ಲ.

ತಾಂತ್ರಿಕವಾಗಿ ಒಂದೇ ತೊಡಕು: ಟಿವಿಯಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು. ಸಾಲಿನ ಅಂತರ ಹೆಚ್ಚಿಸಿದ ಮೇಲೆ ಸರಿಯಾಯಿತು.

ಮುಂದಿನ ಭಾನುವಾರ ಈ ಧಾರಾವಾಹಿಯನ್ನು ಎಂದೂ ನೋಡದ ನಮ್ಮ ತಂದೆಯವರಿಗೆ ಪೂರ್ತಿ ಕಂತನ್ನು ತೋರಿಸಲಿದ್ದೇವೆ. ‘ಶಾಕಾ’ ಎಂದರೇನೆಂಬುದು ಅವರಿಗೆ ಎಷ್ಟನೆಯ ನಿಮಿಷದಲ್ಲಿ ಹೊಳೆಯಿತೆಂದು ಬರೆದಿಟ್ಟುಕೊಂಡು, ಅದು ಪಿಕಾರ್ಡ್‌ಗಿಂತ ಮೊದಲೋ ಅನಂತರವೋ ನೋಡಿ, ಆಮೇಲೆ ಆ ಎರಡು ಸಾಲುಗಳಿಗೆ ಮರಳುತ್ತೇವೆ.