ಹಳೆಯ ಎಂಟಿಬಿಗೆ ಡಿಸ್ಕ್ ಬ್ರೇಕ್: ಮುಂದಕ್ಕೆ ಹಾಕಿ, ಹಿಂದಿನದನ್ನು ಹಾಗೇ ಬಿಡಿ

ಮಳೆಗಾಲದಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ವಿ-ಬ್ರೇಕ್ (ರಿಮ್ಮಿನ ಎರಡೂ ಬದಿಗೆ ರಬ್ಬರ್ ಒತ್ತುವ ಬ್ರೇಕ್) ಇರುವ ಸೈಕಲ್ಲಿನಲ್ಲಿ ಇಳಿದವರಿಗೆ ಇದು ಗೊತ್ತಿರುತ್ತೆ. ಲಿವರ್ ಹಿಡಿದ ಕೂಡಲೇ ಏನೂ ಆಗುವುದಿಲ್ಲ. ರಿಮ್ ಮೇಲಿನ ನೀರನ್ನು ರಬ್ಬರ್ ಒರೆಸಿ ಹಾಕುವಷ್ಟರಲ್ಲಿ ಚಕ್ರ ಒಂದೆರಡು ಸುತ್ತು ಉರುಳಿರುತ್ತೆ, ಆಮೇಲಷ್ಟೇ ಹಿಡಿತ. ಕೆಸರಿನಲ್ಲಿರುವ ಮರಳು ರಬ್ಬರಿಗೆ ಕಚ್ಚಿಕೊಂಡು ರಿಮ್ಮನ್ನು ಅರ ಹಾಕಿದಂತೆ ತೇಯುವುದು ಬೇರೆ. ಹಳೆಯ ಸೈಕಲ್ಲಿಗೆ ಡಿಸ್ಕ್ ಹಾಕಿಸಬೇಕು ಅನ್ನುವ ಆಸೆ ಹುಟ್ಟುವುದೇ ಇಲ್ಲಿ, ಆ ಆಸೆ ಸರಿಯಾದದ್ದೇ. ಆದರೆ ಎರಡೂ ಚಕ್ರಕ್ಕೆ ಹಾಕಿಸಲು ಹೊರಟರೆ ದುಡ್ಡೂ ಹೋಗುತ್ತೆ, ಫ್ರೇಮೂ ಹಾಳಾಗುತ್ತೆ.

ಇಲ್ಲಿ ಹೇಳುತ್ತಿರುವುದು ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ ಎಂಟಿಬಿ, ಅಂದರೆ ಮೌಂಟನ್ ಬೈಕ್ ಬಗ್ಗೆ: 26 ಇಂಚಿನ ಚಕ್ರ, ಅಲ್ಯೂಮಿನಿಯಂ ಇಲ್ಲವೇ ಉಕ್ಕಿನ ಫ್ರೇಮ್, ಮುಂದೆ 80ರಿಂದ 100 ಮಿಮೀ ಸಸ್ಪೆನ್ಷನ್ ಫೋರ್ಕ್, ಹಿಂದೆ ಮರೆ (ಥ್ರೆಡ್) ಸುತ್ತಿ ಕೂರಿಸುವ 7 ಹಲ್ಲುಚಕ್ರದ ಫ್ರೀವೀಲ್, ಎರಡೂ ಕಡೆ ವಿ-ಬ್ರೇಕ್.

ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಹಗುರಾದ ಚಕ್ರಕ್ಕೆ ಎಷ್ಟೇ ಬಲವಾದ ಬ್ರೇಕ್ ಕೊಟ್ಟರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಂತೂ ಕೆಲಸದ ಬಹುಪಾಲು ಮುಂದಿನ ಬ್ರೇಕಿನದೇ. ಹಿಂದಿನ ವಿ-ಬ್ರೇಕಿಗೆ ಒಳ್ಳೆಯ ರಬ್ಬರ್ ಹಾಕಿ ರಿಮ್ ಒರೆಸಿಟ್ಟುಕೊಂಡರೆ ಅದರ ಪಾಲಿನ ಕೆಲಸ ಅದು ಮಾಡುತ್ತೆ.

ಹಿಂದಕ್ಕೆ ಹಾಕುವುದು ಯಾಕೆ ತೊಡಕು ಅಂದರೆ, ಡಿಸ್ಕ್‌ಗೆಂದು ಮಾಡದ ಫ್ರೇಮಿನಲ್ಲಿ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಹಿಡಿಯುವ ಭಾಗ) ಕೂರಿಸುವ ಕಿವಿಗಳೇ ಇರುವುದಿಲ್ಲ. ಆಕ್ಸಲ್ ಹತ್ತಿರ ಕಚ್ಚಿಕೊಂಡು, ಸೀಟಿನ ಕೆಳಗಿನಿಂದ ಹಿಂಚಕ್ರಕ್ಕೆ ಇಳಿಯುವ ಸೀಟ್‌ಸ್ಟೇ ಕೊಳವೆಗೆ ಆನಿಸುವ ಅಡಾಪ್ಟರುಗಳು ಸಿಗುತ್ತವೆ. ಅವನ್ನು ಹಾಕಿದರೆ ಬ್ರೇಕಿನ ತಿರುಚುಬಲವೆಲ್ಲ ತೆಳು ಕೊಳವೆಯ ಮೇಲೆ ಒಂದೇ ಕಡೆ ಬಿದ್ದು ಅದು ನೆಗ್ಗುತ್ತೆ. ಅಲ್ಯೂಮಿನಿಯಂ ಫ್ರೇಮಿಗೆ ಕಿವಿ ವೆಲ್ಡ್ ಮಾಡಿಸುವುದು ಇನ್ನೂ ಕೆಟ್ಟದ್ದು. 6061 ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ವೆಲ್ಡಿನ ಕಾವಿಗೆ ಮೆತ್ತಗಾಗುತ್ತೆ. ಕಾರ್ಖಾನೆಯಲ್ಲಿ ವೆಲ್ಡ್ ಆದ ಮೇಲೆ ಇಡೀ ಫ್ರೇಮನ್ನು ಮತ್ತೆ ಕಾಯಿಸಿ ಹದ ಮಾಡುತ್ತಾರೆ, ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದಾಗುವ ಮಾತಲ್ಲ. ಇದರ ಮೇಲೆ, ಮರೆಯ ಫ್ರೀವೀಲ್ ಕೂರುವ ಡಿಸ್ಕ್ ಹಬ್ (ಚಕ್ರದ ನಡುವಿನ ಗುಂಬ) ಹುಡುಕಿ ತಂದು ಹಿಂದಿನ ಚಕ್ರ ಹೊಸದಾಗಿ ಕಟ್ಟಿಸಬೇಕು. ಫ್ರೇಮಿನಲ್ಲಿ ಕಾರ್ಖಾನೆಯ ಕಿವಿ ಇದ್ದರೆ ಮಾತ್ರ ಹಿಂದಿನದರ ಯೋಚನೆ ಮಾಡಿ. ಕೆಲವು ಕಂಪನಿಗಳು ಡಿಸ್ಕ್ ಇರುವ, ಇಲ್ಲದ ಎರಡೂ ಮಾದರಿಗೆ ಒಂದೇ ಫ್ರೇಮ್ ಬಳಸುತ್ತಿದ್ದವು, ಹಾಗಾಗಿ ಒಮ್ಮೆ ಬಗ್ಗಿ ನೋಡಿಕೊಳ್ಳಿ.

ಈಗ ಮುಂದಿನದು. ಮೊದಲು ಫೋರ್ಕಿನ ಎಡಗಾಲಿನ ಕೆಳತುದಿ ನೋಡಿ. ಅಡ್ಡವಾಗಿ ತೂತಿರುವ ಎರಡು ಕಿವಿಗಳಿದ್ದು, ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ 51 ಮಿಮೀ ಇದ್ದರೆ ಅದು ಐಎಸ್ (ಇಂಟರ್ನ್ಯಾಷನಲ್ ಸ್ಟ್ಯಾಂಡರ್ಡ್) ಮೌಂಟ್. ಬೋಲ್ಟು ಹಿಂದಿನಿಂದ ಮುಂದಕ್ಕೆ ಹೋಗುವಂತೆ ಮರೆ ಕೊರೆದ ಎರಡು ಕಂಬಗಳಿದ್ದು, ನಡುವೆ 74 ಮಿಮೀ ಇದ್ದರೆ ಪೋಸ್ಟ್ ಮೌಂಟ್. ಎರಡಕ್ಕೂ ಎಂ6 ಬೋಲ್ಟೇ. ಕೆಲವು ಅಗ್ಗದ ಫೋರ್ಕುಗಳಲ್ಲಿ ಕಿವಿಯ ಆಕಾರ ಎರಕದಲ್ಲಿ ಬಂದಿರುತ್ತೆ, ತೂತು ಕೊರೆದಿರುವುದಿಲ್ಲ. ಅದನ್ನು ಡ್ರಿಲ್ ಹಾಕಿ ಕೊರೆಯಬೇಡಿ. ಕೈಯಲ್ಲಿ ಕೊರೆದ ತೂತು ಅರ್ಧ ಮಿಮೀ ವಾಲಿದರೂ ಕ್ಯಾಲಿಪರ್ ಸೊಟ್ಟ ನಿಲ್ಲುತ್ತೆ.

ಕಿವಿ ಇಲ್ಲದಿದ್ದರೆ ಫೋರ್ಕ್ ಬದಲಿಸಲೇಬೇಕು. ಇದರಲ್ಲಿ ರಾಜಿ ಬೇಡ, ಕಾರಣ ಲೆಕ್ಕದಲ್ಲೇ ಇದೆ. 26 ಇಂಚಿನ ಚಕ್ರದಲ್ಲಿ ಟೈರು ನೆಲ ಮುಟ್ಟುವ ಜಾಗ ಆಕ್ಸಲ್‌ನಿಂದ ಸುಮಾರು 335 ಮಿಮೀ ದೂರ, 160 ಮಿಮೀ ರೋಟರಿನಲ್ಲಿ (ರೋಟರ್ ಅಂದರೆ ಡಿಸ್ಕಿನ ತಟ್ಟೆ) ಪ್ಯಾಡ್ ಹಿಡಿಯುವ ಜಾಗ ಸುಮಾರು 73 ಮಿಮೀ ದೂರ. ಅಂದರೆ ನೆಲದಲ್ಲಿ ಸಿಗುವ ಬ್ರೇಕಿನ ಬಲದ ನಾಲ್ಕೂವರೆ ಪಟ್ಟು ಬಲ ಆ ಎರಡು ಬೋಲ್ಟುಗಳ ಮೂಲಕ ಫೋರ್ಕಿನ ಒಂದೇ ಕಾಲಿಗೆ ಹೋಗುತ್ತೆ. ವಿ-ಬ್ರೇಕಿಗೆ ಮಾಡಿದ ಫೋರ್ಕ್ ಆ ಬಲಕ್ಕೆಂದು ಮಾಡಿದ್ದಲ್ಲ.

ಹೊಸ ಫೋರ್ಕ್ ತರುವಾಗ ಆಕ್ಸಲ್‌ನಿಂದ ಕ್ರೌನ್‌ವರೆಗಿನ (ಫೋರ್ಕಿನ ಕಾಲುಗಳು ಕೂಡುವ ಮೇಲ್ಭಾಗದವರೆಗಿನ) ಉದ್ದ ಅಳೆದುಕೊಂಡು ಹೋಗಿ. 20 ಮಿಮೀ ಹೆಚ್ಚಾದರೆ ಹ್ಯಾಂಡಲ್ ಕೋನ ಹೆಚ್ಚುಕಡಿಮೆ 1 ಡಿಗ್ರಿ ಹಿಂದಕ್ಕೆ ಮಲಗುತ್ತೆ, ಏರು ಹತ್ತುವಾಗ ಮುಂಚಕ್ರ ಅಲೆದಾಡುತ್ತೆ. ಫೋರ್ಕಿನಿಂದ ಹ್ಯಾಂಡಲ್ ಕಡೆಗೆ ಏರುವ ಸ್ಟಿಯರರ್ ಕೊಳವೆ 28.6 ಮಿಮೀ ಇದೆಯೋ ಅದಕ್ಕೂ ಹಳೆಯ 25.4 ಇದೆಯೋ, ಮರೆ ಇದೆಯೋ ಇಲ್ಲವೋ ನೋಡಿ. ಮರೆ ಇರುವುದನ್ನು ತೆಗೆದು ಇಲ್ಲದಿರುವುದನ್ನು ಹಾಕಿದರೆ ಆ ಕೊಳವೆಯ ಬೇರಿಂಗ್ ಜೋಡಿಯಾದ ಹೆಡ್‌ಸೆಟ್ಟೂ ಹ್ಯಾಂಡಲ್ ಹಿಡಿಯುವ ಸ್ಟೆಮ್ಮೂ ಹೊಸತು ಬೇಕು. ನನ್ನ ಆಯ್ಕೆ ಕೇಳಿದರೆ, ಅಗ್ಗದ ಸಸ್ಪೆನ್ಷನ್ ಫೋರ್ಕಿಗಿಂತ ಡಿಸ್ಕ್ ಕಿವಿ ಇರುವ ಉಕ್ಕಿನ ಗಟ್ಟಿ ಫೋರ್ಕ್ ಮೇಲು. ಹಗುರ, ಆಟ ಬರುವುದಿಲ್ಲ, ಬ್ರೇಕ್ ಹಿಡಿದಾಗ ಮುಂದಕ್ಕೆ ಮುಳುಗುವುದಿಲ್ಲ.

ಚಕ್ರಕ್ಕೆ ಬಂದರೆ ಹಬ್ ಅಗಲ 100 ಮಿಮೀ. ಹಳೆಯ ರಿಮ್ ಉಳಿಸಿಕೊಳ್ಳುವುದಾದರೆ ಕಡ್ಡಿಯ ತೂತು ಎಣಿಸಿ, 32 ಇದ್ದರೆ 32ರ ಹಬ್, 36 ಇದ್ದರೆ 36ರದ್ದು. ಹಳೆಯ ಕಡ್ಡಿಗಳನ್ನೇ ಹಾಕಿ ಅಂತ ಮೆಕ್ಯಾನಿಕ್‌ಗೆ ಹೇಳಬೇಡಿ. ಡಿಸ್ಕ್ ಹಬ್ಬಿನಲ್ಲಿ ಕಡ್ಡಿ ಸಿಕ್ಕಿಸುವ ಅಂಚು ದೊಡ್ಡದು: ಸಾದಾ ಹಬ್ಬಿನಲ್ಲಿ 38 ಮಿಮೀ ಇದ್ದ ವೃತ್ತ ಇಲ್ಲಿ 58ರ ಆಸುಪಾಸು. ಮೂರು ಅಡ್ಡ ಹೆಣಿಗೆಯಲ್ಲಿ (ಒಂದು ಕಡ್ಡಿ ಇತರ ಮೂರನ್ನು ದಾಟುವಂತೆ ಹೆಣೆದಾಗ) ಹಳೆಯ ಕಡ್ಡಿ 3–4 ಮಿಮೀ ಉದ್ದವಾಗಿ, ರಿಮ್ಮಿನಲ್ಲಿ ಅದನ್ನು ಬಿಗಿಯುವ ನಿಪ್ಪಲ್ ದಾಟಿ ಟ್ಯೂಬಿನ ಕಡೆಗೆ ಚುಚ್ಚುತ್ತೆ. ರೋಟರಿಗೆ ಜಾಗ ಬಿಡಲು ಎಡ ಅಂಚು ಒಳಗೆ ಸರಿದಿರುವುದರಿಂದ ಎಡದ ಕಡ್ಡಿ ಬಲದ್ದಕ್ಕಿಂತ ಸುಮಾರು 1 ಮಿಮೀ ಗಿಡ್ಡ. ಎಡದ ಕಡ್ಡಿಗಳು ಹೆಚ್ಚು ಬಿಗಿ, ಬಲದವು ಕಡಿಮೆ ಇದ್ದು ರಿಮ್ ಮಾತ್ರ ನಟ್ಟುಗಳ ಸರಿಮಧ್ಯೆ ನಿಲ್ಲಬೇಕು. ಅಡ್ಡ ಹೆಣೆಯದೆ ನೇರ ಕಟ್ಟಿದ ಕಡ್ಡಿ ಡಿಸ್ಕಿಗೆ ಆಗದು, ಯಾಕೆಂದರೆ ಬ್ರೇಕಿನ ಬಲ ಈಗ ಹಬ್ಬಿನಿಂದ ರಿಮ್ಮಿಗೆ ಕಡ್ಡಿಗಳ ಮೂಲಕವೇ ಹೋಗಬೇಕು.

ಕ್ಯಾಲಿಪರ್ ಯಾವುದು? ವೈರಿನದೇ ಸಾಕು ಅಂತ ನನ್ನ ಅಭಿಪ್ರಾಯ. ಹೈಡ್ರಾಲಿಕ್ (ಎಣ್ಣೆಯ ಒತ್ತಡದ್ದು) ಒಳ್ಳೆಯದೇ, ಆದರೆ ಹಳೆಯ ಸೈಕಲ್ಲುಗಳಲ್ಲಿ ಬ್ರೇಕ್ ಲಿವರೂ ಗೇರ್ ಶಿಫ್ಟರೂ ಒಂದೇ ತುಂಡಾಗಿರುವುದು ಹೆಚ್ಚು. ಲಿವರ್ ಬದಲಿಸಿದರೆ ಶಿಫ್ಟರನ್ನೂ ಬದಲಿಸಬೇಕು. ವಿ-ಬ್ರೇಕ್ ಲಿವರ್ ವೈರನ್ನು ಉದ್ದಕ್ಕೆ ಎಳೆಯುತ್ತೆ, ಆದ್ದರಿಂದ ಎಂಟಿಬಿಯದೇ ಕ್ಯಾಲಿಪರ್ ತನ್ನಿ: ಅವಿಡ್ ಬಿಬಿ7 ಎಂಟಿಎನ್, ಶಿಮಾನೊ ಬಿಆರ್-ಎಂ375, ಟಿಆರ್‌ಪಿ ಸ್ಪೈಕ್ ಈ ಜಾತಿಯವು. ರೋಡ್ ಸೈಕಲ್ಲಿನ ಕ್ಯಾಲಿಪರ್ ಹಾಕಿದರೆ ಲಿವರ್ ಕಲ್ಲಿನಂತಿರುತ್ತೆ, ಹಿಡಿತ ಮಾತ್ರ ಇರುವುದಿಲ್ಲ.

ಕಿವಿಗೂ ಕ್ಯಾಲಿಪರಿಗೂ ನಡುವೆ ಕೂರುವ ಅಡಾಪ್ಟರಿನಲ್ಲಿ ಎಡವುವವರು ಬಹಳ. ಐಎಸ್ ಫೋರ್ಕಿಗೆ 160ರ ರೋಟರ್ ಹಾಕಲು ಬೇಕಾದದ್ದು ಮುಂದಿನ ಚಕ್ರದ ಎಫ್160. ಅಂಗಡಿಯಲ್ಲಿ ಬರೀ 160ರದ್ದು ಕೊಡಿ ಅಂದರೆ ಹಿಂದಿನ ಚಕ್ರದ ಆರ್160 ಕೈಗೆ ಬರಬಹುದು. ಅದು ಮುಂದೆ ಹಾಕಿದಾಗ 180ಕ್ಕೆ ಸಮ, ಪ್ಯಾಡ್ 10 ಮಿಮೀ ಹೊರಗೆ ನಿಂತು ರೋಟರಿನ ಅಂಚನ್ನಷ್ಟೇ ಕಚ್ಚುತ್ತೆ.

ಜೋಡಿಸುವ ಕ್ರಮ ಹೀಗೆ. ಕಿವಿಯ ಮೇಲೆ ಬಣ್ಣ ದಪ್ಪಗಿದ್ದರೆ ಲೋಹ ಕಾಣುವವರೆಗೆ ಕೆರೆಯಿರಿ, ಲೋಹವನ್ನು ಕೆರೆಯಬೇಡಿ. ರೋಟರನ್ನು ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರುವಂತೆ ಇಟ್ಟು ಆರು ಎಂ5 ಬೋಲ್ಟುಗಳನ್ನು ಟಿ25 ಟಾರ್ಕ್ಸ್ ಕೀಯಿಂದ ಎದುರುಬದುರಾಗಿ ಬಿಗಿಯಿರಿ. ಸಾಮಾನ್ಯವಾಗಿ 4–6 ನ್ಯೂಟನ್ ಮೀಟರ್, ಪೆಟ್ಟಿಗೆಯ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ. ರೋಟರಿನ ಮುಖವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಸಾಕು, ಬ್ರೇಕ್ ಕಿರುಚಲು.

ಇನ್ನು ಕ್ಯಾಲಿಪರ್ ಸಾಲಿಗೆ ತರುವುದು, ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಬಿಬಿ7, ಎಂ375 ತರಹದವುಗಳಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತೆ. ಅದು ರೋಟರನ್ನು ತುಸು ಬಗ್ಗಿಸಿ ಕಡ್ಡಿ ಕಡೆಯ ಪ್ಯಾಡಿಗೆ ಒತ್ತುತ್ತೆ. ಆದ್ದರಿಂದ ಒಳಪ್ಯಾಡ್ ರೋಟರಿಗೆ ಆದಷ್ಟು ಹತ್ತಿರ ಇರಬೇಕು. ಕ್ಯಾಲಿಪರಿನ ಎರಡು ಬೋಲ್ಟನ್ನು ಅದು ಅಲುಗಾಡುವಷ್ಟು ಸಡಿಲಿಸಿ. ಒಳಗಿನ ತಿರುಗಣೆಯನ್ನು ಪ್ಯಾಡ್ ರೋಟರಿಗೆ ತಾಗುವವರೆಗೆ ತಿರುಗಿಸಿ. ಲಿವರ್ ಒತ್ತಿ, ರಬ್ಬರ್ ಪಟ್ಟಿಯಿಂದ ಹ್ಯಾಂಡಲ್‌ಗೆ ಕಟ್ಟಿ, ಬೋಲ್ಟುಗಳನ್ನು ಕಾಲುಕಾಲು ಸುತ್ತು ಅದಲುಬದಲಾಗಿ 6–8 ನ್ಯೂಟನ್ ಮೀಟರಿಗೆ ಬಿಗಿಯಿರಿ. ಒಂದನ್ನೇ ಪೂರಾ ಬಿಗಿದರೆ ಕ್ಯಾಲಿಪರ್ ಬೋಲ್ಟಿನ ಜೊತೆ ತಿರುಗಿಬಿಡುತ್ತೆ. ಲಿವರ್ ಬಿಟ್ಟು ಒಳಗಿನ ತಿರುಗಣೆಯನ್ನು ಚಕ್ರ ಸದ್ದಿಲ್ಲದೆ ತಿರುಗುವಷ್ಟೇ ಹಿಂದಕ್ಕೆ ಕೊಡಿ. ಕ್ಯಾಲಿಪರ್ ಆಚೆ ಬಿಳಿ ಕಾಗದ ಹಿಡಿದು ಮೇಲಿನಿಂದ ಒಂದೇ ಕಣ್ಣಲ್ಲಿ ನೋಡಿದರೆ ಎರಡು ಬದಿಯ ಸಂದೂ ಎರಡು ಬಿಳಿ ಗೆರೆಗಳಾಗಿ ಕಾಣುತ್ತವೆ, ಒಳಗಿನದು ತೆಳು, ಹೊರಗಿನದು ಸ್ವಲ್ಪ ದಪ್ಪ.

ವೈರಿನ ಹೊರಕವಚ 5 ಮಿಮೀ ಬ್ರೇಕಿನದ್ದೇ ಆಗಿರಲಿ. ಗೇರಿನ 4 ಮಿಮೀ ಕವಚ ಮೇಲ್ನೋಟಕ್ಕೆ ಹಾಗೇ ಕಾಣುತ್ತೆ, ಆದರೆ ಅದರೊಳಗಿನ ತಂತಿಗಳು ಉದ್ದಕ್ಕಿರುತ್ತವೆ, ಬ್ರೇಕಿನ ಎಳೆತಕ್ಕೆ ಕವಚ ಸೀಳಿಕೊಂಡು ತಂತಿಗಳು ಹೊರಬರುತ್ತವೆ. ಕವಚವನ್ನು ಫೋರ್ಕಿನ ಕೆಳಗಾಲಿಗೆ ಮಾತ್ರ ಕಟ್ಟಿ, ಮೇಲಿನ ಹೊಳೆಯುವ ಕೊಳವೆಗೆ ಕಟ್ಟಿದರೆ ಫೋರ್ಕ್ ಕುಗ್ಗಿದಾಗ ಹರಿಯುತ್ತೆ. ವೈರ್ ಬಿಗಿಯುವಾಗ ಕ್ಯಾಲಿಪರಿನ ತೋಳು ಪೂರ್ತಿ ಹಿಂದಕ್ಕೆ ಕೂತಿರಲಿ. ಪ್ಯಾಡ್ ಸವೆದಾಗ ವೈರ್ ಬಿಗಿ ಮಾಡುವ ಬ್ಯಾರೆಲ್ ತಿರುಗಿಸಿ ತೋಳನ್ನು ಮುಂದೆಳೆಯುವುದು ಎಲ್ಲರೂ ಮಾಡುವ ತಪ್ಪು. ತೋಳು ಅರ್ಧ ದಾರಿಯಿಂದ ಹೊರಟರೆ ಹಿಡಿತ ಕುಗ್ಗುತ್ತೆ. ಸವೆತವನ್ನು ಪ್ಯಾಡಿನ ತಿರುಗಣೆಯಲ್ಲೇ ಸರಿಪಡಿಸಬೇಕು.

ಕ್ವಿಕ್ ರಿಲೀಸ್ (ಚಕ್ರವನ್ನು ಫೋರ್ಕಿಗೆ ಬಿಗಿಯುವ, ಲಿವರ್ ಇರುವ ಕಡ್ಡಿ) ವಿಷಯ ಜೀವಕ್ಕೆ ಸಂಬಂಧಿಸಿದ್ದು. ಕ್ಯಾಲಿಪರ್ ಫೋರ್ಕಿನ ಹಿಂದಿದೆ, ಆ ಜಾಗದಲ್ಲಿ ರೋಟರ್ ಮೇಲಕ್ಕೆ ಏಳುತ್ತಿರುತ್ತೆ. ಬ್ರೇಕ್ ಅದನ್ನು ಕೆಳಕ್ಕೆ ತಡೆಯುತ್ತೆ, ಅಂದರೆ ಆಕ್ಸಲ್ಲನ್ನು ಫೋರ್ಕಿನ ತುದಿಯ ಸೀಳಿನಿಂದ ಹೊರಕ್ಕೆ ನೂಕುತ್ತೆ. ಹಾಗಾಗಿ ಉಕ್ಕಿನ ಕಡ್ಡಿಯ, ಒಳಗೆ ಮುಚ್ಚಿದ ಕ್ಯಾಮ್ ಇರುವ ಗಟ್ಟಿ ಕ್ವಿಕ್ ರಿಲೀಸ್ ಹಾಕಿ, ಲಿವರ್ ಬಲಕ್ಕಿರಲಿ. ಸೀಳಿನ ತುದಿಯ ಉಬ್ಬುಗಳನ್ನು ಅರ ಹಾಕಿ ತೆಗೆಯಬೇಡಿ. 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕ, ಕೆನಡಾಗಳಲ್ಲಿ ಸುಮಾರು ಹತ್ತು ಲಕ್ಷ ಸೈಕಲ್ಲುಗಳನ್ನು ಕ್ವಿಕ್ ರಿಲೀಸಿನ ಕಾರಣಕ್ಕೇ ವಾಪಸ್ ಕರೆಸಿತು. ಸರಿಯಾಗಿ ಮುಚ್ಚದ ಲಿವರ್ 180 ಡಿಗ್ರಿಗಿಂತ ಹೆಚ್ಚು ತೆರೆದುಕೊಂಡು ರೋಟರಿಗೆ ಸಿಕ್ಕಿಕೊಳ್ಳುವ ಅಪಾಯವಿತ್ತು.

ಹೊಸ ಪ್ಯಾಡ್ ಮೊದಲ ದಿನ ಹಿಡಿಯುವುದಿಲ್ಲ, ಗಾಬರಿ ಬೇಡ. ಸಮತಟ್ಟು ಖಾಲಿ ರಸ್ತೆಯಲ್ಲಿ 20 ಕಿಮೀ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುತ್ತಾ ಸುಮಾರು 20 ಸಲ ಬ್ರೇಕ್ ಹಿಡಿಯಿರಿ, ಪೂರ್ತಿ ನಿಲ್ಲಬೇಡಿ, ಚಕ್ರ ಕಟ್ಟಿಹೋಗಲು ಬಿಡಬೇಡಿ. ಪ್ಯಾಡಿನ ಪುಡಿ ರೋಟರಿನ ಮೇಲೆ ತೆಳುವಾಗಿ ಕೂತ ಮೇಲೆ ನಿಜವಾದ ಹಿಡಿತ ಬರುತ್ತೆ. ಆಮೇಲೂ ಕಿರುಚಿದರೆ ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಪ್ಯಾಡಿಗೆ ಎಣ್ಣೆ ಇಳಿದಿದ್ದರೆ ಅದನ್ನು ಉಜ್ಜಿ ಫಲವಿಲ್ಲ, ಹೊಸತು ಹಾಕಿ. ಚೈನಿಗೆ ಸ್ಪ್ರೇ ಹೊಡೆಯುವ ಅಭ್ಯಾಸ ಇದ್ದರೆ ಬಿಡಿ, ಹನಿ ಹನಿಯಾಗಿ ಹಾಕಿ. ರೋಟರ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿದ್ದರೆ ಲೋಹದ ಪ್ಯಾಡ್ ಹಾಕಬೇಡಿ.

ಒಂದೆರಡು ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಿ, ವೈರ್ ಸಡಿಲವಾಗಿರುತ್ತೆ, ಕಡ್ಡಿಗಳೂ ಒಮ್ಮೆ ಕೂತುಕೊಂಡಿರುತ್ತವೆ. ಮಲೆನಾಡಿನ ಮಳೆಯಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ಜೊತೆ ಚೀಲದಲ್ಲಿರಲಿ. ಶಿಮಾನೊ ರೋಟರ್ ಹೊಸದಿದ್ದಾಗ 1.8 ಮಿಮೀ ದಪ್ಪ ಇರುತ್ತೆ, 1.5ಕ್ಕೆ ಇಳಿದ ದಿನ ಬಿಚ್ಚಿ ಬದಲಿಸಿ.