ಒಂದು ಚಮಚದ ವಗ್ಗರಣಿ

ರಾಯಚೂರಿನಲ್ಲಿ ಕೂತು ಜಾಹೀರಾತು ಬರೆಯುವ ಕೆಲಸ ನನ್ನದು. ದೊಡ್ಡದೇನಲ್ಲ: ಗೋಡೆ ಬರಹ, ಫ್ಲೆಕ್ಸು, ಬೀಜ-ಗೊಬ್ಬರದ ಅಂಗಡಿಯ ಪಾಂಪ್ಲೆಟ್ಟು, ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿಯಲ್ಲಿ ಕೂಗಿಸುವ ಮಾತು. ಬೆಂಗಳೂರಿನ ಏಜೆನ್ಸಿಗಳು ಮಾಡಿ ಕಳಿಸಿದ್ದನ್ನು ಈ ಕಡೆಗೆ ಹೊಂದುವ ಹಾಗೆ ತಿದ್ದಿ ಕೊಡುವುದೂ ಉಂಟು. ಇದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. ನಮ್ಮ ಭಾವ ಕೇಳುವ ಧಾಟಿಯಲ್ಲೇ ಬರೆಯುತ್ತೇನೆ: “ಅಲ್ಲೋ, ಕಂಪನಿಯವರು ಲಕ್ಷಗಟ್ಟಲೆ ರೊಕ್ಕ ಸುರದು ಮಾಡಿರ್ತಾರ. ಅದನ್ನ ಕನ್ನಡಕ್ಕ ತಿರುವಿದ್ರ ಮುಗೀತು. ನಿಂದೇನು ಕೆಲಸ ಅದರಾಗ?”

ಹೋದ ವರ್ಷ ಬಂದ ಅಡುಗೆ ಎಣ್ಣೆಯ ಜಾಹೀರಾತಿಗೆ ತಿರುವುವ ಕೆಲಸವೂ ಇರಲಿಲ್ಲ. ಅಚ್ಚ ಕನ್ನಡದಲ್ಲೇ ಇತ್ತು: ‘ಒಗ್ಗರಣೆಗೆ ಒಂದೇ ಚಮಚ ಸಾಕು.’ ಬೆಂಗಳೂರಿನಲ್ಲಿ ಒಗ್ಗರಣೆ ಅಂದರೆ ಸಾಸಿವೆ ಸಿಡಿಸಿ ಸಾರಿನ ಮೇಲೆ ಸುರಿಯುವುದು. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ವಗ್ಗರಣಿ ಅಂದರೆ ಒಂದು ಪೂರ್ತಿ ನಾಷ್ಟಾ. ಮಂಡಾಳು, ಅಂದರೆ ಮಂಡಕ್ಕಿ, ತೋಯಿಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಜೊತೆ ಬಾಣಲೆಯಲ್ಲಿ ಕಲಸಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಬದಿಗೆ ಎರಡು ಬಿಸಿ ಮಿರ್ಚಿ ಬಜ್ಜಿ ಇಟ್ಟು ಕೊಡುವುದು. ಬಸ್‌ಸ್ಟ್ಯಾಂಡ್ ಹತ್ತಿರದ ನಮ್ಮ ಕಾಯಂ ಹೋಟೆಲಿನವರಿಗೆ ಆ ಸಾಲು ಓದಿ ಹೇಳಿದೆ. ಜಾರಾ ಸೌಟು ಎತ್ತಿ ಹಿಡಿದು ಕೇಳಿದರು: “ಒಂದ್ ಚಮಚದಾಗ ಎಷ್ಟ್ ಮಂದಿಗೆ ವಗ್ಗರಣಿ ಮಾಡ್ಲಿ, ನೀವೇ ಹೇಳ್ರಿ.” ಸಾಲಿನಲ್ಲಿ ತಪ್ಪು ಪದ ಒಂದೂ ಇರಲಿಲ್ಲ. ಆದರೂ ಇಲ್ಲಿನ ಕಿವಿಗೆ ಅದು ಸುಳ್ಳು ಹೇಳುವ ಎಣ್ಣೆ.

ಭಾವನಿಗೆ ನಾನು ಹೇಳುವುದು ಇಷ್ಟೇ. ಜಾಹೀರಾತಿನಲ್ಲಿ ಇರುವುದು ಅರ್ಧ ಮಾತು. ಉಳಿದರ್ಧ ನೋಡುವವರ ಮನೆಯಲ್ಲಿ, ಅವರ ಅಡುಗೆಯಲ್ಲಿ, ಹಬ್ಬದಲ್ಲಿ, ನೋವಿನಲ್ಲಿ ಮೊದಲೇ ಇರುತ್ತದೆ. ಕಂಪನಿ ದುಡ್ಡು ಹಾಕಿದ್ದು ಮೊದಲಿನ ಅರ್ಧಕ್ಕೆ ಮಾತ್ರ.

ನಮ್ಮ ಜಿಲ್ಲೆಯ ಮುದಗಲ್ಲಿನ ಬಟ್ಟೆ ಅಂಗಡಿಯೊಂದರ ಫ್ಲೆಕ್ಸು ನನಗೆ ಇದನ್ನು ಇನ್ನೂ ಚೆನ್ನಾಗಿ ಕಲಿಸಿತು. ಮುದಗಲ್ಲಿನ ಮೊಹರಂ ಗೊತ್ತಲ್ಲ. ಬೆಂಕಿ ಹಾಕುವ ಅಲಾಯಿ ಕುಣಿ ತೋಡಿ, ದೇವರು ಕೂಡ್ರಿಸಿ, ಹೆಜ್ಜೆ ಹಾಕಿ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡಿ, ಮನೆ ಮನೆಯಲ್ಲಿ ಚೊಂಗೆ ಎಂಬ ಸಿಹಿ ರೊಟ್ಟಿ ಸುಡುತ್ತಾರೆ. ಹಿಂದೂಗಳೂ ಹರಕೆ ಹೊರುತ್ತಾರೆ. ದುಡಿಯಲು ಬೆಂಗಳೂರಿಗೆ ಹೋದವರು ಯುಗಾದಿಗೆ ಬಾರದಿದ್ದರೂ ಇದಕ್ಕೆ ಬರುತ್ತಾರೆ. ಅಂಗಡಿಯವರಿಗೆ ಬೇಕಾಗಿದ್ದದ್ದು ‘ಮೊಹರಂ ಹಬ್ಬದ ಶುಭಾಶಯಗಳು’. ಅವರು ಮಾರುತ್ತಿದ್ದ ಅಂಗಿಯ ಬ್ರ್ಯಾಂಡಿನ ಏಜೆನ್ಸಿ ಹುಡುಗ ಫೋನಿನಲ್ಲೇ ಗಾಬರಿಯಾದ. “ಸರ್, ಅದು ಶೋಕದ ದಿನ. ಶುಭಾಶಯ ಹೇಳಿದ್ರೆ ಬೈತಾರೆ.” ಅವನ ಮಾತು ಸರಿಯಾಗಿಯೇ ಇತ್ತು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ನೆನಪು ಅದು. ಲಖನೌದಲ್ಲಿ ಇಂಥ ಫ್ಲೆಕ್ಸು ಕಟ್ಟಿದರೆ ಬೈಗುಳ ಖಾತ್ರಿ. ಅಂಗಡಿಯವರ ಮಾತೂ ಸರಿ: “ಊರಿಗೆ ಊರೇ ಹಬ್ಬ ಅಂತದ. ನಾ ಏನಂತ ಬರೀಲಿ?” ಮೂರು ದಿನ ಇಬ್ಬರ ನಡುವೆ ಓಡಾಡಿ ಕೊನೆಗೆ ‘ಶುಭಾಶಯ’ವನ್ನೇ ತೆಗೆದು ‘ಅಲಾಯಿ ಹಬ್ಬಕ್ಕೆ ಊರಿಗೆ ಬಂದವರಿಗೆಲ್ಲ ಸ್ವಾಗತ’ ಎಂದು ಬರೆದೆ. ಮುದಗಲ್ಲಿನಲ್ಲಿಯೇ ಆ ದಿನಗಳನ್ನು ಪ್ರಾರ್ಥನೆಯಲ್ಲಿ ಸುಮ್ಮನೆ ಕಳೆಯುವ ಮನೆಗಳಿವೆ. ಹಾಗಾಗಿ ‘ಈ ಭಾಗದ ಸಂಸ್ಕೃತಿ’ ಎಂದು ಏಜೆನ್ಸಿಯವರು ಒಂದೇ ಗಂಟು ಕಟ್ಟಿದಾಗ ನನಗೆ ಕಿರಿಕಿರಿಯಾಗುತ್ತದೆ. ಓಣಿ ದಾಟಿದರೆ ಅರ್ಥ ಬೇರೆ.

ಆ ಗಂಟಿಗೆ ಇನ್ನೊಂದು ಹೆಸರು ‘ಉತ್ತರ ಕರ್ನಾಟಕ’. ಇದಕ್ಕೆ ಒಬ್ಬ ಫ್ರೆಂಚ್ ಲೇಖಕನ ಮಾತು ಬೇಕು. 1964ರಲ್ಲಿ ರೋಲಾಂ ಬಾರ್ತ್ ಎಂಬಾತ ಪಂಜಾನಿ ಎಂಬ ಕಂಪನಿಯ ಜಾಹೀರಾತೊಂದನ್ನು ಬಿಡಿಸಿ ನೋಡಿದ. ಕೆಂಪು ಹಿನ್ನೆಲೆ, ಬಾಯಿ ತೆರೆದ ಬಲೆಚೀಲ, ಅದರಿಂದ ಹೊರಗೆ ಇಣುಕುವ ಪಾಸ್ತಾ ಪೊಟ್ಟಣ, ಟೊಮೆಟೊ, ಉಳ್ಳಾಗಡ್ಡಿ, ದೊಣ್ಣೆಮೆಣಸಿನಕಾಯಿ. ಆ ಬಣ್ಣಗಳೂ ಹೆಸರೂ ಸೇರಿ ‘ಇಟಲಿ’ ಎನ್ನುತ್ತವೆ ಎಂದ. ಅದರ ಜೊತೆಗೇ, ಈ ಇಟಲಿ ಕಾಣುವುದು ಫ್ರೆಂಚರ ಕಣ್ಣಿಗೆ, ಇಟಲಿಯವರಿಗೆ ಆ ಹೆಸರಿನಲ್ಲಿ ಅಂಥ ವಿಶೇಷವೇನೂ ಹೊಳೆಯಲಾರದು ಎಂದೂ ಹೇಳಿದ. ಪಂಜಾನಿ ಫ್ರಾನ್ಸಿನದೇ ಕಂಪನಿ.

ನಮಗೂ ಅದೇ ಗತಿ. ಜೋಳದ ಹಿಟ್ಟಿನ ಜಾಹೀರಾತೊಂದು ಬಂತು: ಕಟ್ಟಿಗೆ ಒಲೆ, ಇಳಕಲ್ ಸೀರೆ, ರೊಟ್ಟಿ ಬಡಿಯುವ ಚೆಂದದ ಹುಡುಗಿ, ಬಾಯಲ್ಲಿ ಧಾರವಾಡದ ಮಾತು. ಬೆಂಗಳೂರಿನವರಿಗೆ ಅದು ಉತ್ತರ ಕರ್ನಾಟಕ. ತೆಲುಗು, ಉರ್ದು ಬೆರೆತ ನಮ್ಮ ಮಾತು ಧಾರವಾಡದ್ದಲ್ಲ ಅನ್ನುವುದು ಅವರಿಗೆ ಬೇಕಾಗಿಲ್ಲ. ನಮಗೆ ರೊಟ್ಟಿ ದಿನದ ಊಟ, ಅದರಲ್ಲಿ ನೋಡುವುದೇನು? ಆದರೆ ನಮ್ಮ ಅವ್ವ ನೋಡಿದಳು. ರೊಟ್ಟಿಯನ್ನಲ್ಲ, ಕೈಯನ್ನು. “ಪಾಪ, ಇಷ್ಟು ಸಣ್ಣಾಕಿ, ಕೈಯಾಗ ಒಂದ್ ಬಳಿ ಇಲ್ಲಲ್ಲೋ.” ಚಿತ್ರ ತೆಗೆದವರು ಅಂದ ಕೆಡದಿರಲೆಂದು ಬಳೆ ಬಿಚ್ಚಿಸಿದ್ದರೇನೋ. ಅವ್ವನ ಕಣ್ಣಿಗೆ ಅವಳು ಗಂಡನನ್ನು ಕಳಕೊಂಡ ಹುಡುಗಿ. ಬರಿಗೈಯನ್ನು ಹೀಗೆ ಓದುವುದು ನನಗೆ ಇಷ್ಟವಿಲ್ಲ, ಅವ್ವನ ಜೊತೆ ಜಗಳವಾಡಿದ್ದೂ ಇದೆ. ಆದರೂ ಹಸಿರು ಬಳೆ ತೊಡಿಸಿ ಮತ್ತೆ ಫೋಟೊ ತೆಗೆಯಿರಿ ಎಂದು ಏಜೆನ್ಸಿಗೆ ಬರೆದವನೂ ನಾನೇ. ಹಿಟ್ಟು ಮಾರಬೇಕಿತ್ತು.

ಕೆಲವು ಸಲ ಇಷ್ಟೆಲ್ಲ ಆಳಕ್ಕೆ ಹೋಗಬೇಕಾಗಿಯೂ ಇಲ್ಲ. ಭತ್ತದ ಔಷಧದ ಪೋಸ್ಟರಿನಲ್ಲಿ ರೈತನ ಹಿಂದೆ ಗೋಧಿ ಹೊಲ ಇತ್ತು. ಸಿಂಧನೂರಿನ ಅಂಗಡಿಯಲ್ಲಿ ಅಂಟಿಸಿದ ಅರ್ಧ ಗಂಟೆಯೊಳಗೆ ಒಬ್ಬರು ಕೇಳಿದರು, “ಇವ ಯಾರ ಹೊಲದಾಗ ನಿಂತಾನ?”

ಇಂಥ ಕಥೆ ಹೇಳಿದರೆ ಓದಿದವರು ಕೂಡಲೇ ಷೆವರ್ಲೆ ನೋವಾ ಕಾರನ್ನು ಎತ್ತುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ನೋ ವಾ’ ಅಂದರೆ ‘ಹೋಗುವುದಿಲ್ಲ’, ಅದಕ್ಕೇ ಆ ಕಾರು ಮೆಕ್ಸಿಕೋದಲ್ಲಿ ಓಡಲಿಲ್ಲ ಎಂಬ ಕಥೆ. ಅದು ಕಟ್ಟುಕತೆ. ಕಾರು ಅಲ್ಲಿ ಮಾರಾಟವಾಗುತ್ತಿತ್ತು. ಮೆಕ್ಸಿಕೋದ ಸರ್ಕಾರಿ ಕಂಪನಿಯೇ ನೋವಾ ಹೆಸರಿನ ಪೆಟ್ರೋಲನ್ನೂ ಮಾರುತ್ತಿತ್ತು. ಕನ್ನಡದವರು ‘ನೋವಾ?’ ಎಂದು ಕೇಳಿಕೊಂಡು ಕಾರು ಬಿಡುತ್ತಿದ್ದರೇ? ಜನ ಅಷ್ಟು ದಡ್ಡರಲ್ಲ. ಕಾರಿನ ಹೆಸರು ಕಾರಿನ ಹೆಸರಾಗಿಯೇ ಕೇಳುತ್ತದೆ. ಎಣ್ಣೆಯ ಮಾತು ಹಾಗಲ್ಲ, ಅದು ನೇರ ಬಾಣಲೆಗೇ ಬೀಳುತ್ತದೆ.

ಎಣ್ಣೆಯ ಸಾಲಿಗೆ ಕೊನೆಗೆ ಏನು ಕೊಟ್ಟೆ ಎಂದು ಭಾವ ಮೊನ್ನೆ ಕೇಳಿದರು. ಹೋಟೆಲಿನಲ್ಲಿ ಕೂತು ನೋಡಿದೆ. ನಮ್ಮವರು ಎಣ್ಣೆ ಅಳೆಯುವುದು ಚಮಚದಿಂದಲ್ಲ, ಮಿರ್ಚಿ ಇಟ್ಟುಕೊಟ್ಟ ಹಳೇ ಪೇಪರಿನಿಂದ. ಪೇಪರು ತೊಯ್ದು ಆ ಕಡೆಯ ಅಕ್ಷರ ಈ ಕಡೆ ಕಂಡರೆ ಎಣ್ಣೆ ಜಾಸ್ತಿ. ಅದಕ್ಕೆ ಬರೆದೆ: ‘ಮಿರ್ಚಿ ತಿನ್ರಿ, ಪೇಪರ್ ಓದ್ರಿ.’

ಬೆಂಗಳೂರಿನಿಂದ ಮರುದಿನವೇ ಫೋನು ಬಂತು. “ಸರ್, ಲೈನ್ ಚೆನ್ನಾಗಿದೆ. ಆದ್ರೆ ತಿಂಡಿ ತಿನ್ನೋವಾಗ ಪೇಪರ್ ಯಾಕೆ ಓದ್ತಾರೆ?”