ಒಂದು ಭಿನ್ನರಾಶಿ ಬರೆಯೋಕೆ ಅಷ್ಟೊಂದು ಕೆಲಸ ಏನಿದೆ?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮ ದೊಡ್ಡಪ್ಪ. ಹಾಸನದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು. "ಏನಮ್ಮಾ, ಅದೂ ಅಕ್ಷರ ತಾನೇ? ಮೇಲೊಂದು, ಕೆಳಗೊಂದು, ಮಧ್ಯ ಒಂದು ಗೀಟು. ಅದಕ್ಕೆ ಇಷ್ಟು ವರ್ಷ ಏನ್ ಕೆಲಸ?" ಆಮೇಲೆ ನೆಂಟರು ಕೇಳಿದರು, ಆಫೀಸಿನವರು ಕೇಳಿದರು, ಪಕ್ಕದ ಮನೆಯ ಪಿಯುಸಿ ಹುಡುಗಿಯೂ ಕೇಳಿದಳು. ಪ್ರತಿ ಸಲ ಎರಡು ಮಾತು ಹೇಳಿ ಮುಗಿಸಿದ್ದೆ. ಈಗ ಕೂತು ಪೂರ್ತಿ ಬರೆಯುತ್ತೇನೆ.

ರಾತ್ರಿ ಹೊತ್ತು ಮತ್ತು ಭಾನುವಾರ ನಾನು ಲಿಕ್ಸ್ ಎಂಬ ಸಾಫ್ಟ್‌ವೇರಿನ ಸಮೀಕರಣ ಬರೆಯುವ ಭಾಗದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ, ಪ್ರಬಂಧ, ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಬಳಸುವ ಸಾಫ್ಟ್‌ವೇರ್ ಅದು. 1995ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಕ್ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ್ದು. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಾವು ಪರದೆ ಮೇಲೆ ಬರೆದದ್ದನ್ನು ಲಿಕ್ಸ್ ಲೇಟೆಕ್‌ಗೆ ಕೊಡುತ್ತದೆ, ಲೇಟೆಕ್ ಅದನ್ನು ಅಚ್ಚಿಗೆ ಜೋಡಿಸುತ್ತದೆ.

ಈಗ ಪ್ರಶ್ನೆಗೆ ಬರೋಣ. ಎಸ್ಸೆಸ್ಸೆಲ್ಸಿ ಮುಗಿಸಿದ ಯಾರನ್ನಾದರೂ ವರ್ಗ ಸಮೀಕರಣದ ಸೂತ್ರ ಕೇಳಿ. ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ: ಮೈನಸ್ ಬಿ, ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎ ಸಿ, ಬೈ ಟೂ ಎ. ಇದನ್ನೇ ಒಂದು ಸಾಲಿನಲ್ಲಿ ಬರೆದು, ಸೂತ್ರ ಗೊತ್ತಿಲ್ಲದವರ ಕೈಗೆ ಕೊಡಿ. ರೂಟ್ ಎಲ್ಲಿಗೆ ಮುಗಿಯಿತು? ಬಿ ಸ್ಕ್ವೇರ್‌ಗೆ ಮಾತ್ರವೋ, ಫೋರ್ ಎ ಸಿ ಕೂಡ ಅದರ ಒಳಗೋ? ಬೈ ಟೂ ಎ ಎನ್ನುವುದು ಇಡೀ ಸಾಲಿಗೋ, ಕೊನೆಯ ತುಂಡಿಗೋ? ಮೇಷ್ಟ್ರು ಹೇಳುವಾಗ ಎಲ್ಲಿ ಉಸಿರು ತೆಗೆದುಕೊಂಡರು ಅನ್ನುವುದರಿಂದ ನಮಗೆ ಗೊತ್ತಾಗುತ್ತಿತ್ತು. ಕಾಗದದ ಮೇಲೆ ಆ ಕೆಲಸವನ್ನು ರೂಟಿನ ಬಾಲ ಮತ್ತು ಬೈ ಗೀಟಿನ ಉದ್ದ ಮಾಡುತ್ತವೆ.

ಇದು ಸುಮ್ನೆ ಹೇಳುವ ಮಾತಲ್ಲ. ನಮ್ಮ ಹಾಸನದಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ, 1982ರಿಂದ. ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಅವು 35,786 ಕಿಲೋಮೀಟರ್ ಎತ್ತರದಲ್ಲೇ ಯಾಕಿವೆ ಅಂತ ಪಕ್ಕದ ಮನೆ ಹುಡುಗಿ ಲೆಕ್ಕ ಹಾಕಲು ಕೂತಿದ್ದಳು. ಗೆಳತಿ ವಾಟ್ಸಾಪಿನಲ್ಲಿ ಸೂತ್ರ ಕಳಿಸಿದ್ದಳು: ಟಿ ಈಕ್ವಲ್ ಟು, ಟೂ ಪೈ ರೂಟ್ ಆರ್ ಕ್ಯೂಬ್ ಬೈ ಜಿ ಎಂ. ಈಕೆ ಆರ್ ಕ್ಯೂಬ್‌ಗೆ ಮಾತ್ರ ರೂಟ್ ತೆಗೆದು, ಜಿ ಎಂ ಅನ್ನು ಹಾಗೇ ಕೆಳಗಿಟ್ಟು ಭಾಗಿಸಿದಳು. ಲೆಕ್ಕ ಎಲ್ಲಿಗೂ ಹೋಗಲಿಲ್ಲ. ಕಾಗದದ ಮೇಲೆ ರೂಟಿನ ಗೀಟನ್ನು ಇಡೀ ಭಿನ್ನರಾಶಿಯ ಮೇಲೆ ಎಳೆದು ತೋರಿಸಿದೆ. ಭೂಮಿಯ ಕೇಂದ್ರದಿಂದ 42,164 ಕಿಲೋಮೀಟರ್ ಬಂತು. ಭೂಮಿಯ ತ್ರಿಜ್ಯ 6,378 ಕಳೆದರೆ ಸರಿಯಾಗಿ 35,786. ಅವಳಿಗೆ ಭೌತಶಾಸ್ತ್ರ ಚೆನ್ನಾಗಿಯೇ ಗೊತ್ತಿತ್ತು. ಒಂದು ಗೀಟು ಎಲ್ಲಿಯವರೆಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಹಾಗಾಗಿ ಕಂಪ್ಯೂಟರಿನ ಒಳಗೆ ಸಮೀಕರಣವನ್ನು ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಇಡುತ್ತೇವೆ. ಭಿನ್ನರಾಶಿ ಒಂದು ಡಬ್ಬಿ. ಅದರೊಳಗೆ ಅಂಶ ಒಂದು, ಛೇದ ಒಂದು. ಅಂಶದೊಳಗೆ ರೂಟ್, ರೂಟಿನೊಳಗೆ ಬಿ, ಬಿ ತಲೆ ಮೇಲೆ ಎರಡು. ಪ್ರತಿ ಡಬ್ಬಿಗೂ ಮೂರು ಅಳತೆ ಇರುತ್ತದೆ: ಅಗಲ, ಸಾಲಿನಿಂದ ಮೇಲಕ್ಕೆ ಎಷ್ಟು, ಸಾಲಿನಿಂದ ಕೆಳಕ್ಕೆ ಎಷ್ಟು. ಒಳಗಿನ ಡಬ್ಬಿ ಅಳೆಯದೆ ಹೊರಗಿನದನ್ನು ಅಳೆಯಲು ಆಗುವುದಿಲ್ಲ. ಅಳತೆ ಒಳಗಿನಿಂದ ಹೊರಗೆ ಬರುತ್ತದೆ, ಆಮೇಲೆ ಚಿತ್ರ ಹೊರಗಿನಿಂದ ಒಳಗೆ ಹೋಗುತ್ತದೆ. ನೀವು ಒಂದು ಕೀ ಒತ್ತಿದರೆ ಸಾಕು, ಇದೆಲ್ಲ ಮತ್ತೊಮ್ಮೆ ಆಗಬೇಕು. ಅದೂ ಬೆರಳಿಗೆ ತಡ ಅನ್ನಿಸದ ಹಾಗೆ.

ಮೈನಸ್ ಚಿಹ್ನೆಯನ್ನೇ ತೆಗೆದುಕೊಳ್ಳಿ. ಅದೇ ಸೂತ್ರದಲ್ಲಿ ಮೊದಲ ಮೈನಸ್ ಬಿ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಬಿ ಸ್ಕ್ವೇರ್ ಆದಮೇಲಿನ ಮೈನಸ್‌ಗೆ ಎರಡೂ ಕಡೆ ಜಾಗ ಇರುತ್ತದೆ. ಮೊದಲನೆಯದು ಋಣ ಸಂಖ್ಯೆಯ ಗುರುತು, ಎರಡನೆಯದು ಕಳೆಯುವ ಗುರುತು. ಲೇಟೆಕ್‌ಗೆ ತಳಪಾಯವಾದ ಟೆಕ್‌ನಲ್ಲಿ ಇದಕ್ಕೆ ಲೆಕ್ಕ ಇದೆ. ಅಕ್ಷರದ ಗಾತ್ರವನ್ನು 18 ಪಾಲು ಮಾಡಿದರೆ ಕಳೆಯುವ ಮೈನಸ್‌ನ ಎರಡೂ ಬದಿಗೆ 4 ಪಾಲು ಜಾಗ, ಈಕ್ವಲ್ ಟು ಚಿಹ್ನೆಗೆ 5 ಪಾಲು, ಅಲ್ಪವಿರಾಮದ ಆಚೆ 3 ಪಾಲು. ಘಾತದಲ್ಲಿ ಬಂದರೆ ಈ ಜಾಗ ಬಿಡುವುದೇ ಇಲ್ಲ. ಈಗ ನೀವು ಮೈನಸ್ ಬಿ ಎಂದು ಬರೆದು, ಮನಸ್ಸು ಬದಲಾಗಿ ಅದರ ಎಡಗಡೆ ಒಂದು ಎ ಸೇರಿಸಿದಿರಿ ಅಂದುಕೊಳ್ಳಿ. ಆ ಕ್ಷಣಕ್ಕೇ ಮೈನಸ್‌ನ ಜಾತಿ ಬದಲಾಯಿತು. ಬಲಗಡೆ ಇರುವುದೆಲ್ಲ ಸ್ವಲ್ಪ ಸರಿಯಬೇಕು, ಗೀಟು ಉದ್ದವಾಗಬೇಕು, ಕೆಳಗಿನ ಛೇದ ಮತ್ತೆ ನಡುವಿಗೆ ಬರಬೇಕು.

ಟೆಕ್ ಬರೆದವರು ಡೊನಾಲ್ಡ್ ಕನೂತ್. 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಮುದ್ರಣದ ಪ್ರೂಫ್ ನೋಡಿ, ಸೂತ್ರಗಳ ಜೋಡಣೆ ಇಷ್ಟವಾಗದೆ, ತಾವೇ ಒಂದು ಪ್ರೋಗ್ರಾಂ ಬರೆಯಲು ಕೂತರು. ಮುಂದಿನ ವರ್ಷಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದರು. ಇನ್ನು ಬದಲಾಯಿಸುವುದಿಲ್ಲ ಅಂತ ಅದನ್ನು ಕಟ್ಟಿಟ್ಟಿದ್ದು 1989ರಲ್ಲಿ. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಇಷ್ಟೂ ಅಚ್ಚಿನ ಮಾತು. ನನ್ನ ಕೆಲಸದ ಕಷ್ಟ ಬೇರೆ ಕಡೆ ಇದೆ, ಕರ್ಸರಿನಲ್ಲಿ. ಮಾಮೂಲಿ ಬರಹದಲ್ಲಿ ಕರ್ಸರ್ ಎಲ್ಲಿದೆ ಅಂತ ಹೇಳಲು ಒಂದು ಸಂಖ್ಯೆ ಸಾಕು, ಇಷ್ಟನೇ ಅಕ್ಷರದ ಪಕ್ಕ ಅಂತ. ಸಮೀಕರಣದಲ್ಲಿ ಊರಿನ ವಿಳಾಸದ ಹಾಗೆ ಹೇಳಬೇಕು: ಈ ಭಿನ್ನರಾಶಿ, ಅದರ ಮೇಲಿನ ಮನೆ, ಅದರಲ್ಲಿನ ರೂಟ್, ಅದರೊಳಗೆ ಮೂರನೇ ಜಾಗ. ಕೆಳಗಿನ ಬಾಣ ಒತ್ತಿದರೆ ಛೇದಕ್ಕೆ ಹೋಗಬೇಕು, ಸರಿ. ಆದರೆ ಛೇದದ ಶುರುವಿಗೋ, ಕೊನೆಗೋ, ಮೇಲೆ ಇದ್ದ ಜಾಗದ ನೇರಕ್ಕೋ? ಮೌಸ್ ಹಿಡಿದು ಅಂಶದ ಮಧ್ಯದಿಂದ ಭಿನ್ನರಾಶಿಯ ಹೊರಗೆ ಎಳೆದರೆ ಯಾವುದು ಆಯ್ಕೆಯಾಗಬೇಕು? ಅರ್ಧ ಭಿನ್ನರಾಶಿ ಕತ್ತರಿಸಿ ಬೇರೆ ಕಡೆ ಅಂಟಿಸಲು ಬರುವುದಿಲ್ಲ, ಹಾಗಾಗಿ ಆಯ್ಕೆ ಇಡೀ ಭಿನ್ನರಾಶಿಗೆ ಹಿಗ್ಗುತ್ತದೆ. ಲಿಕ್ಸ್‌ನಲ್ಲಿ ಛೇದ ಬರೆದು ಮುಗಿದ ಮೇಲೆ ಸ್ಪೇಸ್ ಒತ್ತಿದರೆ ಹೊರಗೆ ಬರುತ್ತೀರಿ. ನನಗೆ ತುಂಬ ಇಷ್ಟವಾದ ವಿಷಯ ಇದು. ಗಣಿತದಲ್ಲಿ ಜಾಗ ಎಷ್ಟು ಬಿಡಬೇಕು ಅಂತ ನಾವು ಹೇಳಬೇಕಿಲ್ಲ, ಹಾಗಾಗಿ ಅಷ್ಟು ದೊಡ್ಡ ಕೀ ಬೇರೆ ಕೆಲಸಕ್ಕೆ ಸಿಕ್ಕಿತು.

ಇನ್ನು ಕನ್ನಡ. ದೊಡ್ಡಪ್ಪ ಪ್ರಶ್ನೆ ಪತ್ರಿಕೆ ತಯಾರು ಮಾಡಿದ್ದು ಸ್ಟೆನ್ಸಿಲ್ ಹಾಳೆ ಮೇಲೆ ಮೊನೆಯಿಂದ ಗೀರಿ, ಸೈಕ್ಲೋಸ್ಟೈಲ್ ಮಾಡಿ. ಕೈಬರಹ ಅಲ್ವಾ, ಸೂತ್ರ ಏನೂ ತೊಂದರೆ ಕೊಡಲಿಲ್ಲ. ಡಿಟಿಪಿ ಬಂದ ಮೇಲೆ ತೊಂದರೆ ಶುರುವಾಯಿತು. ಕನ್ನಡವನ್ನು ಟೈಪ್ ಮಾಡಿ, ಸೂತ್ರದ ಜಾಗ ಖಾಲಿ ಬಿಟ್ಟು, ಪ್ರಿಂಟ್ ತೆಗೆದು, ಆ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದು ಜೆರಾಕ್ಸ್ ಮಾಡಿಸುತ್ತಿದ್ದರು. ಅಂಥ ಪತ್ರಿಕೆಗಳ ಒಂದು ಕಟ್ಟು ಅವರ ಬೀರುವಿನಲ್ಲಿ ಇನ್ನೂ ಇದೆ. ಆ ಖಾಲಿ ಜಾಗಗಳೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಸಮೀಕರಣದ ಎಡಿಟರಿಗೆ ಪ್ರತಿ ಅಕ್ಷರವೂ ಬೇರೆ ಬೇರೆ. ಎ ಬಿ ಎಂದರೆ ಎ ಗುಣಿಲೆ ಬಿ. ಈಗ ಸರಾಸರಿಯ ಸೂತ್ರ ಕನ್ನಡದಲ್ಲಿ ಬರೆಯೋಣ. ಮೇಲೆ 'ಒಟ್ಟು ಮೊತ್ತ', ಕೆಳಗೆ 'ಸಂಖ್ಯೆ'. 'ಒಟ್ಟು' ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಅದು ಐದು: ಒ, ಟ, ಹಲಂತದ ಗುರುತು, ಇನ್ನೊಂದು ಟ, ಕೊಂಬು. ನನ್ನ ಕಂಪ್ಯೂಟರಿನಲ್ಲಿ ನಾನು ಮಾಡಿದ ಮೊದಲ ಪ್ರಯತ್ನದಲ್ಲಿ ಈ ಐದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿದೆ. ಒತ್ತು ಮೂಡಲೇ ಇಲ್ಲ. ಕೊಂಬು ಚುಕ್ಕಿ ಚುಕ್ಕಿಯ ಒಂದು ವೃತ್ತಕ್ಕೆ ನೇತಾಡುತ್ತಿತ್ತು. ಎರಡನೇ ಸಲ ಪದವನ್ನು ಒಟ್ಟಿಗೆ ಬರೆಸಿದೆ, ಆದರೆ ಕೆಳಗಿನ ಅಳತೆಯನ್ನು ಒಂದೊಂದೇ ಅಕ್ಷರದಿಂದ ತೆಗೆದೆ. ಟ ತಾನಾಗಿ ಸಾಲಿನಿಂದ ಕೆಳಗೆ ಇಳಿಯುವುದಿಲ್ಲ, ಅದರ ಒತ್ತು ಇಳಿಯುತ್ತದೆ. 'ಒಟ್ಟು ಮೊತ್ತ'ದ ಎರಡೂ ಒತ್ತುಗಳು ಬೈ ಗೀಟನ್ನು ಚುಚ್ಚಿಕೊಂಡು ಕೆಳಗೆ ಬಂದವು. ಇಡೀ ಪದವನ್ನು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಕೊಟ್ಟು, ಜೋಡಿಸಿದ ರೂಪದ ಆಳ ಎಷ್ಟು ಅಂತ ಕೇಳಿದ ಮೇಲೆ ಗೀಟು ತಾನಾಗಿ ಕೆಳಗೆ ಸರಿಯಿತು. ಮೂರು ವಾರದ ರಾತ್ರಿಗಳು ಅದಕ್ಕೆ ಹೋದವು.

ನಿಜ ಹೇಳಬೇಕೆಂದರೆ ಕನ್ನಡ ಓದುವವರಿಗೆ ಈ ಕೆಲಸ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ನಾವು ಚಿಕ್ಕಂದಿನಿಂದ ಅಕ್ಷರದ ಕೆಳಗೆ ಅಕ್ಷರ ಬರೆದವರು. 'ಸೂರ್ಯ' ಬರೆಯುವಾಗ ರ್ ಮೊದಲು ಟೈಪ್ ಮಾಡುತ್ತೇವೆ, ಅರ್ಕಾವತ್ತು ಯ ಆದಮೇಲೆ ಕಾಣುತ್ತದೆ. ನುಡಿಯುವ ಕ್ರಮ ಒಂದು, ಕಾಣುವ ಕ್ರಮ ಒಂದು. ಸಮೀಕರಣದಲ್ಲೂ ಅದೇ ನಡೆಯುತ್ತದೆ, ಆದರೆ ಒತ್ತಿನ ಕೆಳಗೆ ಒತ್ತು, ಅದರ ಕೆಳಗೂ ಒತ್ತು ಬರುತ್ತಾ ಹೋಗುತ್ತದೆ.

"ಫೋಟೋ ತೆಗೆದು ಅಂಟಿಸಿದ್ರೆ ಆಗಲ್ವಾ?" ಅಂತಲೂ ಕೇಳುತ್ತಾರೆ. ಆಗುತ್ತದೆ, ತಪ್ಪು ಸಿಗುವವರೆಗೆ. ಆಮೇಲೆ ಮತ್ತೆ ಬರೆದು ಮತ್ತೆ ಫೋಟೋ. ಅದಕ್ಕಿಂತ ದೊಡ್ಡ ಕಾರಣ ಕಣ್ಣು ಕಾಣದ ಮಕ್ಕಳು. ಅವರ ಕಂಪ್ಯೂಟರ್ ಪಾಠವನ್ನು ಓದಿ ಹೇಳುತ್ತದೆ. ಚಿತ್ರ ಬಂದರೆ ಅಲ್ಲಿ ಅದಕ್ಕೆ ಹೇಳಲು ಏನೂ ಇಲ್ಲ. ಡಬ್ಬಿಯೊಳಗಿನ ಡಬ್ಬಿಯ ವಿವರ ಹಾಗೇ ಉಳಿದಿದ್ದರೆ ರೂಟ್ ಶುರು, ರೂಟ್ ಮುಗಿಯಿತು ಅಂತ ಹೇಳಬಲ್ಲದು. ಇದಕ್ಕಾಗಿ ಮ್ಯಾಥ್‌ಎಂಎಲ್ ಎಂಬ ಪದ್ಧತಿ 1998ರಲ್ಲೇ ಬಂತು. ಕ್ರೋಮ್ ಬ್ರೌಸರಿನಲ್ಲಿ ಅದು ಎಲ್ಲರಿಗೂ ಸಿಗುವಂತಾಗಿದ್ದು 2023ರಲ್ಲಿ. ಈ ಕೆಲಸ ಎಷ್ಟು ನಿಧಾನ ಅಂತ ಅದರಿಂದಲೂ ಗೊತ್ತಾಗುತ್ತದೆ.

ದುಡ್ಡು ಬರುತ್ತಾ ಅಂದರೆ, ಇಲ್ಲ. ನಾನು ಕೇಳಿಯೂ ಇಲ್ಲ.

ಈ ತಿಂಗಳು ಒಂದೇ ಒಂದು ಕೀ ಜೊತೆ ಇದ್ದೇನೆ, ಬ್ಯಾಕ್‌ಸ್ಪೇಸ್. ಕರ್ಸರ್ ಛೇದದ ಮೊಟ್ಟಮೊದಲ ಜಾಗದಲ್ಲಿದೆ. ಅಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಗೀಟು ಮಾತ್ರ ಅಳಿಸಿ ಮೇಲಿನದೂ ಕೆಳಗಿನದೂ ಒಂದೇ ಸಾಲಿಗೆ ಬರಬೇಕಾ, ಇಲ್ಲ ಕರ್ಸರ್ ಸುಮ್ಮನೆ ಮೇಲಕ್ಕೆ ಹೋಗಬೇಕಾ? ಎರಡೂ ಬಗೆ ಮಾಡಿ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇನೆ. ಭಾನುವಾರ ದೊಡ್ಡಪ್ಪ ಊಟಕ್ಕೆ ಬರುತ್ತಾರೆ. ಯಾವುದು ಯಾವುದು ಅಂತ ಹೇಳದೆ ಹಳೇ ಪ್ರಶ್ನೆ ಪತ್ರಿಕೆಯೊಂದನ್ನು ಟೈಪ್ ಮಾಡಲು ಕೊಟ್ಟು, ಪಕ್ಕದಲ್ಲಿ ಕೂತು ಅವರ ಬೆರಳು ನೋಡುತ್ತೇನೆ.